ಚೀಟಿಯ ಬೆನ್ನು

ಎಣ್ಣಿ ಕಂಪನಿಯವರು ನಮ್ಮ ಮೈದುನ ನಿರುಪಾದಿಗೆ
ಥಾಯ್ಲೆಂಡ್ ಟೂರ್ ಕೊಟ್ಟಾರ.
ಒಂದ ಹಂಗಾಮಿನಾಗ ನಾನೂರು ಕಾರ್ಟನ್ ಮಾರ್ಯಾನ,
ಐದು ಹಗಲು, ನಾಕು ರಾತ್ರಿ, ಸಮುದ್ರದ ದಂಡಿ.
ಸಿಂಧನೂರಿನ ಗಂಗಾವತಿ ರಸ್ತೆದಾಗ ಅವನ ಅಂಗಡಿ,
ಅಂಗಡಿ ತುಂಬ ಹುಳ ಸಾಯೋ ವಾಸನಿ.

ಬಂದು ಕಟ್ಟಿ ಮ್ಯಾಲೆ ಕುಂತ.
'ವೈನಿ, ನೀ ಆಶಾ ಅಲ್ಲೇನು, ಏನರ ಹೇಳಿ ಕಳಿಸು' ಅಂದ, ನಕ್ಕೋಂತ.
ನಾ ಆಗಷ್ಟ ಹದಿನೇಳನೇ ವಾರ್ಡಿಂದ ಬಂದಿದ್ದೆ,
ಕೈಯಾಗ ಬ್ಯಾಟ್ರಿ, ಉಗುರಿನಾಗ ಟೈರಿನ ಕೆಸರು.
ನಲವತ್ತು ಮನಿ,
ಹನ್ನೊಂದು ತೊಟ್ಯಾಗ ಬಾಲ ಅಲುಗಿಸೋ ಹುಳ.
ಲಾರ್ವಾ ಸರ್ವೆ ಚೀಟಿ ತಿರುವಿ
ಬೆನ್ನ ಮ್ಯಾಲೆ ಬರಿಯಾಕ ಕುಂತೆ.

ನೋಡಪಾ, ಅಲ್ಲಿ ಬಿಸಿಲು ಬ್ಯಾರೆ.
ನಮ್ಮೂರ ಬಿಸಿಲು ಎದುರಿಗೆ ನಿಂತು ಬೈತೈತಿ,
ಅಲ್ಲಿದು ತಂಪು ಗಾಳ್ಯಾಗ ಕೈ ಹಿಡಕೊಂಡು ಸುಡ್ತೈತಿ.
ತಲಿ ಮ್ಯಾಲಿನ ಟವಲ್ ತಗೀಬ್ಯಾಡ.
'ರಾಯಚೂರು ಜಿಲ್ಲಾದವಗ ಬಿಸಿಲಿನ ಪಾಠ!' ಅಂದ.

ಬಾಟ್ಲಿ ನೀರು ಕುಡೀತಿ ಖರೆ,
ಅದರಾಗ ಹಾಕೋ ಐಸು ಯಾವ ನೀರಿಂದು ಕೇಳಿಯೇನು?
ಬಿಪಿ ಗುಳಿಗಿ ದೊಡ್ಡ ಪೆಟಗ್ಯಾಗ ಬ್ಯಾಡ,
ಪೆಟಗಿ ಒಂದ್ ದೇಶಕ್ಕ, ನೀ ಒಂದ್ ದೇಶಕ್ಕ ಇಳದರ?
ಡಾಕ್ಟ್ರ ಚೀಟಿ ಜೋಡಿ ಕಿಸೆದಾಗ ಇರಲಿ.
ಬಾಡಿಗಿ ಸ್ಕೂಟರ್ ಹತ್ತಿದರ ಹೆಲ್ಮೆಟ್,
ಇಲ್ಲಿ ಹಾಕದವ ಅಲ್ಲೆರ ಹಾಕೋ,
ಅಲ್ಲಿನ ದವಾಖಾನ್ಯಾಗ ನಿನ್ನ ಉದ್ರಿ ಖಾತಿ ನಡಿಯಂಗಿಲ್ಲ.
ಮಂಗ್ಯಾ ಹೆಗಲ ಮ್ಯಾಲೆ ಕುಂದ್ರಿಸಿ ಫೋಟೊ ಬ್ಯಾಡ.
ಪರಚಿದರ ಸಬಕಾರ ಹಚ್ಚಿ ಹದಿನೈದು ನಿಮಿಷ ತೊಳಿ,
ಆಮ್ಯಾಲೆ ಸೂಜಿ. ನಾಚಬ್ಯಾಡ.

ಸೊಳ್ಳಿ ಅಂದಕೂಡ್ಲೆ ಜೋರ ನಕ್ಕ.
'ನನ್ನ ರಕ್ತದಾಗ ಇಪ್ಪತ್ತು ವರ್ಷದ ಎಣ್ಣಿ ಐತಿ ವೈನಿ,
ಕಡದ ಸೊಳ್ಳಿನ ಸಾಯ್ತೈತಿ.'
ನಾ ನಗಲಿಲ್ಲ.
ಹ್ವಾದ ಶ್ರಾವಣದಾಗ ಕ್ಯಾಂಪಿನ ಹುಡುಗಿ ಒಂದು,
ಹೆಸರು ರಿಜಿಸ್ಟರಿನಾಗ ಐತಿ, ಇಲ್ಲಿ ಬ್ಯಾಡ,
ಪ್ಲೇಟ್‌ಲೆಟ್ ಹನ್ನೆರಡು ಸಾವಿರಕ್ಕ ಇಳದಾಗ
ನನ್ನ ಬಳಿ ಹಿಡಕೊಂಡು 'ಏನೂ ತ್ರಾಸ ಇಲ್ಲಕ್ಕ' ಅಂದಿತ್ತು.
ಬದುಕಿತು.
ಆ ಬಳಿ ನಾ ಮತ್ತ ಹಾಕಿಲ್ಲ.
ಅವನಿಗೆ ಅದನ್ನ ಹೇಳಲಿಲ್ಲ.
'ಹಗಲೂ ಕಡಿತಾವ, ಉದ್ದ ತೋಳು' ಅಂತಷ್ಟ ಬರದು
ಕೆಳಗ ಎರಡು ಗೀಟು ಎಳದೆ.

ಕೊನೀಗೆ ಬೆರಳಷ್ಟು ಜಾಗ ಉಳಿದಿತ್ತು.
ಕೆಂಪು ಬಾವುಟ ಇದ್ದರ ನೀರಿಗಿಳೀಬ್ಯಾಡ.
'ಎಡದಂಡಿ ಕಾಲುವ್ಯಾಗ ಈಜಿದವ ನಾನು.'
ಕಾಲುವಿಗೆ ಎರಡು ದಂಡಿ ಅದಾವಪಾ, ಅಂದೆ,
ಸಮುದ್ರಕ್ಕ ನಿನಗ ಕಾಣೋದು ಒಂದ.

ಮೂರನೇ ದಿನ ಫೋನಿಗೆ ಫೋಟೊ ಬಂತು:
ಬರೇ ಮಳಲು, ಒಂದು ಕೆಂಪು ಬಾವುಟ,
ಬಾವುಟದಿಂದ ಈಚೆ ಅವನ ಎರಡು ಪಾದ,
ಚಪ್ಪಲಿ ಸಮೇತ ಒಣ.
ಕೆಳಗ ಒಂದಕ್ಷರ ಇಲ್ಲ.

ತಿರುಗಿ ಬಂದಾಗ ಮೂಗಿನ ತೊಗಲು ಉಳ್ಳಾಗಡ್ಡಿ ಸಿಪ್ಪಿ.
ರಾಯಚೂರು ಜಿಲ್ಲಾದವಂದು.
ಏನೂ ಅನ್ನಲಿಲ್ಲ, ಮಜ್ಜಿಗಿ ಕೊಟ್ಟೆ.
ಚೀಟಿ ವಾಪಸ್ ಕೊಟ್ಟ. ಉಪ್ಪುಗಾಳಿಗೆ ಮೆತ್ತಗಾಗಿ
ಸಮುದ್ರದ ಮಾತು ಇಳದು
ಆ ಕಡಿ ತೊಟ್ಟಿ ಲೆಕ್ಕದಾಗ ಕಲತಿತ್ತು.
ಜೋಡಿ ಒಂದು ಟ್ಯೂಬು, ಅರ್ಧ ಖಾಲಿ,
ಓದಾಕ ಬರದ ಜಿಲೇಬಿ ಅಕ್ಷರ, ನಡುವ ಸೊಳ್ಳಿ ಚಿತ್ರ.
'ದಿನಾ ಹಚ್ಚಿದೆ' ಅಂದ, ಬ್ಯಾರೆ ಕಡಿ ನೋಡಿಕೋಂತ.

ಇವತ್ತು ಮುಂಜಾನೆ ಹದಿನೆಂಟನೇ ವಾರ್ಡು.
ಮೊಣಕೈತನಕ ಹಚ್ಚಿಕೊಂಡೆ, ನಿಂಬಿಹುಲ್ಲಿನ ವಾಸನಿ.
ಆರು ವರ್ಷ ಮಂದಿ ತೊಟ್ಯಾಗ ಬಗ್ಗಿದ ಕೈಗೆ
ಇದ ಮೊದಲ ಸಲ.
ಬಾಗಿಲ ಬಡದೆ.
'ಮೊನ್ನೆರ ನೋಡಿ ಹ್ವಾದ್ರಲ್ಲ, ಮತ್ಯಾಕ ಬಂದ್ರಿ?'
ಒಳಗಿಂದ ಯಾರೋ.
ಟೂರ್ ಬಂದೀನ್ರಿ, ಅಂದೆ,
ಬ್ಯಾಟ್ರಿ ಹಚ್ಚಿ.