ಆರನೆಯ ಗುಂಡಿ

ಶನಿವಾರದ ಸಂತೆಯ ಹೊರಸಾಲಿನಲ್ಲಿ ನನ್ನದು ಅರ್ಧ ಮೇಜು.
ಉಳಿದರ್ಧ ಸ್ಕೈದ್ರಿತೆಯ ಉಪ್ಪುನೀರಿನ ಸೌತೆಕಾಯಿಗೆ.
ಲಿಯೆಪಾಯದ ಗಾಳಿಗೆ ಬೆಲೆಚೀಟಿ ನಿಲ್ಲುವುದಿಲ್ಲ,
ಕಲ್ಲು ಹೇರಿದರೂ ಹಾರುತ್ತದೆ.
ಹೋದ ತಿಂಗಳು ಹಿತ್ತಾಳೆ ದೀಪದ ಹದಿನೆಂಟು ಯೂರೋ
ಹಾರಿ ಹೋಗಿ ಅವಳ ಭರಣಿಗೆ ಅಂಟಿತ್ತು.
ಕೀಳಲಿಲ್ಲ ಮುದುಕಿ.
"ಇರಲಿ ಬಿಡು ವಿಜ್ಮಾ, ಯಾರಾದರೂ ಕೊಂಡರೆ ನಿನಗೂ ಪಾಲು."

ವಾರಕ್ಕೆ ಐದು ದಿನ ಟ್ರಾಮ್ ಓಡಿಸುತ್ತೇನೆ.
ಊರಿಗೆ ಇರುವುದೊಂದೇ ದಾರಿ, ತಪ್ಪುವ ಭಯವಿಲ್ಲ.
ತಪ್ಪುವ ಸುಖವೂ ಇಲ್ಲ.

ರಾತ್ರಿ ಕೂತು ಸ್ವೆಟರ್ ಬಿಚ್ಚುತ್ತೇನೆ.
ಸತ್ತವರ ಮನೆ ಖಾಲಿ ಮಾಡುವವರು
ಮೂಟೆ ಲೆಕ್ಕದಲ್ಲಿ ಕೊಡುತ್ತಾರೆ:
ಮೊಣಕೈ ಸವೆದದ್ದು, ನುಸಿ ತಿಂದದ್ದು,
ಒಮ್ಮೆಯೂ ತೊಡದೆ ಮಡಿಸಿಟ್ಟದ್ದು.
ಒಂದು ತುದಿ ಸಿಕ್ಕರೆ ಸಾಕು,
ತೋಳು ಕಳಚಿ, ಬೆನ್ನು ಕರಗಿ,
ಎದೆ ಸಾಲುಸಾಲಾಗಿ ನನ್ನ ಮಡಿಲಿಗಿಳಿಯುತ್ತದೆ.
ಬಿಚ್ಚಿದ ನೂಲು ನೆಟ್ಟಗಿರುವುದಿಲ್ಲ,
ಒಣಗಿದ ಶ್ಯಾವಿಗೆಯ ಹಾಗೆ ಸುರುಳಿ ಸುರುಳಿ.
ಬಿಸಿನೀರಲ್ಲಿ ನೆನೆಸಿ, ಲಡಿ ಕಟ್ಟಿ,
ಕೆಳಗೊಂದು ಇಕ್ಕಳ ತೂಗುಬಿಟ್ಟರೆ
ಮೂರು ದಿನಕ್ಕೆ ಹಳೆಯ ಹೆಣಿಗೆ ಮರೆಯುತ್ತದೆ.
ಕೆಲವು ಮರೆಯುವುದಿಲ್ಲ.
ಅವನ್ನು ಕೈಗವಸು ಮಾಡುತ್ತೇನೆ. ಬೆಚ್ಚಗಿರುತ್ತವೆ.

ಗುಂಡಿಯ ಮಾತಿಗೆ ಬರುತ್ತೇನೆ.

ಒಂದು ಮೂಟೆಯ ತಳದಲ್ಲಿ ಬಿಸ್ಕತ್ತಿನ ಡಬ್ಬಿ,
ಡಬ್ಬಿಯಲ್ಲಿ ಆರು ಗುಂಡಿ. ಬೆಳ್ಳಿಯೋ, ಸತುವೋ,
ಪ್ರತಿಯೊಂದರ ಮೇಲೂ ಹಾಯಿ ಬಿಚ್ಚಿದ ಪುಟ್ಟ ಹಡಗು.
ಅವತ್ತೇ ನನ್ನ ಕೋಟಿನ ಎದೆಗುಂಡಿ ಉದುರಿತ್ತು,
ಬೆಳಗಿನ ಮೊದಲ ಟ್ರಾಮು ನನ್ನದು,
ಕೈಗೆ ಸಿಕ್ಕಿದ್ದನ್ನು ಹೊಲಿದುಕೊಂಡೆ.
ಉಳಿದೈದು ಮೇಜಿಗೆ ಬಂದವು:
ಜೊತೆಗೆಟ್ಟ ಗುಂಡಿ, ನಾಲ್ಕು ಯೂರೋ.

ಗುನ್ವಾಲ್ದಿಸ್ ಬಂದ. ಮೂರು ಮೇಜಿನ ಆಸಾಮಿ,
ಗಾಜಿನ ಪೆಟ್ಟಿಗೆ, ಕೊರಳಲ್ಲಿ ಭೂತಗನ್ನಡಿ.
ಚೌಕಾಶಿ ಮಾಡಲಿಲ್ಲ.
ಆಗಲೇ ನನಗೆ ತಿಳಿಯಬೇಕಿತ್ತು.
ಪೆದ್ದಿ ನಾನು, ಬೋಣಿಯಾಯಿತೆಂದು
ಅವನ ನೋಟನ್ನು ಸರಕಿನ ಮೇಲೆಲ್ಲ ಸವರಿದೆ.

ಮುಂದಿನ ಶನಿವಾರ ಅವನ ಗಾಜಿನಡಿ,
ನೀಲಿ ಮಖಮಲ್ಲಿನ ಮೇಲೆ, ನನ್ನ ಐದು ಹಡಗು.
ತೊಂಬತ್ತು.
ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.
ಸ್ಕೈದ್ರಿತೆ ಭರಣಿಯ ಮುಚ್ಚಳ ತಿರುಗಿಸುತ್ತ ಕೇಳಿದಳು:
"ಆ ಮೂಟೆಗೆ ನೀನೆಷ್ಟು ಕೊಟ್ಟಿದ್ದೆ?"
ಆರು.
ಇಬ್ಬರೂ ಸೌತೆಕಾಯಿ ಕಡಿಯುತ್ತ ಸುಮ್ಮನಾದೆವು.

ಮಂಗಳವಾರ ಸೇತುವೆಯ ಹತ್ತಿರ ಅವನು ಟ್ರಾಮ್ ಹತ್ತಿದ.
ನಾಣ್ಯ ಚಾಚಿದ ಕೈ ಗಾಳಿಯಲ್ಲೇ ನಿಂತಿತು,
ಕಣ್ಣು ನನ್ನ ಎದೆಯ ಮೇಲೆ.
"ಅದು ಎಲ್ಲಿಯದು?"
"ಕೋಟಿನದು."
"ಹದಿನೈದು ಕೊಡುತ್ತೇನೆ."
ಬಾಗಿಲು ಹಾಕಿ ಗಂಟೆ ಬಾರಿಸಿದೆ.
ಆಸ್ಪತ್ರೆಯ ನಿಲ್ದಾಣಕ್ಕೆ ಇಪ್ಪತ್ತೈದು,
ಶಾಲೆಯ ತಿರುವಿಗೆ ನಲವತ್ತು.
ಜನ ಇಳಿದಷ್ಟೂ ಬೆಲೆ ಏರಿತು.
ಅವನ ಮನೆ ಹಿಂದೆ ಹೋಯಿತು, ಅವನು ನೋಡಲಿಲ್ಲ.
ಶಾಲೆಯ ಹುಡುಗನೊಬ್ಬ ಕಿವಿಯ ತಂತಿ ಕಿತ್ತು
ಹರಾಜು ಕೇಳುತ್ತ ತಾನೂ ಇಳಿಯುವುದು ಮರೆತ.

ಕೊನೆಯ ನಿಲ್ದಾಣ. ಖಾಲಿ ಸೀಟು,
ಕಿಟಕಿಗೆ ಮರಳು ಎರಚುವ ಗಾಳಿ.
ಅವನ ದನಿ ಇಳಿಯಿತು:
"ಆರೂ ಸೇರಿದರೆ ಮುನ್ನೂರು. ಕೊಳ್ಳುವವರಿದ್ದಾರೆ.
ಅರ್ಧ ನಿನಗೆ."

ಹೆಬ್ಬೆರಳಿಂದ ಹಡಗನ್ನು ಮುಟ್ಟಿದೆ.
ಎಂಟು ವಾರದ ಬೆಳಗುಗಳಲ್ಲಿ ನನ್ನ ಕೈ ಹತ್ತಿ
ಹಾಯಿಯ ಅಂಚು ಹೊಳೆಯುತ್ತಿತ್ತು.

"ವಾಪಸು ಹೋಗುವುದಕ್ಕೆ ಬೇರೆ ಟಿಕೆಟ್ ಬೇಕು," ಎಂದೆ.

ಕೊಂಡ.
ಚಿಲ್ಲರೆ ಎಣಿಸಿ ಕೊಟ್ಟೆ.

ಗುಂಡಿ ಇನ್ನೂ ಕೋಟಿನಲ್ಲೇ ಇದೆ.
ದಾರ ಸ್ವಲ್ಪ ಸಡಿಲವಾಗಿದೆ,
ಬಿಗಿ ಮಾಡಿಲ್ಲ, ಕಿತ್ತೂ ಇಲ್ಲ.
ಶನಿವಾರಕ್ಕೆ ಇನ್ನೂ ನಾಲ್ಕು ದಿನ.