ಹತ್ತೊಂಬತ್ತು ಕಂಬ

ಆಷಾಢ. ಬೈತಕೋಲದ ಧಕ್ಕೆಯಲ್ಲಿ ಬೋಟುಗಳಿಗೆ ರಜೆ,
ಪಾಲಿನ ಲೆಕ್ಕ ಬರೆಯುವ ನನಗೂ.
ಐಸ್ ಫ್ಯಾಕ್ಟರಿಯ ಕಟ್ಟೆಯಿಂದ ಎಣಿಸಿದೆ:
ಹತ್ತೊಂಬತ್ತು ಕಂಬ, ನೆಟ್ಟಗೆ, ಪಕ್ಕಪಕ್ಕ.
ಎಣಿಸಿದ್ದು ಸಾಲದೆ ಓದಿದೆ:
ಹತ್ತೊಂಬತ್ತು ಒಂದುಗಳ ಒಂದೇ ಸಂಖ್ಯೆ,
ಕೋಟಿಯ ಆಚೆ, ನನಗೆ ಹೆಸರು ತಿಳಿಯದ್ದು.

ಕೈ ಸುಮ್ಮನಿರುತ್ತದೆಯೇ? ಪಾಲು ಹಾಕಿದೆ.
ಮೂರು ಜನಕ್ಕೆ: ಒಂದು ಉಳಿಯಿತು.
ಏಳಕ್ಕೆ, ಒಂದು. ಹನ್ನೊಂದಕ್ಕೂ, ಹದಿಮೂರಕ್ಕೂ
ಅದೇ ಒಂದು, ಬುಟ್ಟಿಯ ತಳಕ್ಕೆ ಅಂಟಿದ ತಾರ್ಲೆಯ ಹಾಗೆ.
ಹದಿನೇಳಕ್ಕೆ ಒಂಬತ್ತು.
ಉದ್ರಿ ಪುಸ್ತಕದ ಹಿಂಬದಿ ತುಂಬಿತು.

"ಬಿಡಿ ಮಾಮಾ," ಅಂದಳು ವೈಜಯಂತಿ,
ಕಾಲೇಜಿನಿಂದ ಬಂದು ಕೊಡೆ ಜಾಡಿಸುತ್ತ,
"ಅದು ಅವಿಭಾಜ್ಯ. ಯಾವ ತಾಂಡೇಲನೂ
ಅದನ್ನು ಸಮಪಾಲು ಮಾಡಲಾರ."
ಎದ್ದು ನಿಂತು ಮತ್ತೊಮ್ಮೆ ನೋಡಿದೆ ಕಂಬಗಳನ್ನು,
ಅಂಗಿಯ ಗುಂಡಿ ಹಾಕಿಕೊಂಡು.

ಶ್ರಾವಣಕ್ಕೆ ಮುಂಚೆಯೇ ದುರ್ಗೇಕರ ಅಣ್ಣತಮ್ಮಂದಿರ
'ಜಲಪದ್ಮ' ಗುಜರಿಗೆ ಹೋಯಿತು.
ಗ್ಯಾಸ್ ಕಟರಿನ ನೀಲಿ ನಾಲಿಗೆ; ಸಾಲಿನ ನಡುವೆ
ದೇವಗಡದ ದೀಪ ಕಾಣುವಷ್ಟು ಕಂಡಿ.
ಆರು ವರ್ಷ ಮಾತು ಬಿಟ್ಟ ಮೂವರು
ನನ್ನ ಮೇಜಿನೆದುರು ನಿಂತರು,
ಒಬ್ಬರ ಮುಖ ಒಬ್ಬರು ನೋಡದೆ.

ಅವರು ಹೋದ ಮೇಲೆ ಕೂತೆ:
ಕಂಡಿಗೆ ಸೊನ್ನೆ ಬರೆದು ಜಾಗ ಕಾಯಲೋ,
ಉಳಿದ ಹದಿನೆಂಟನ್ನು ಒತ್ತಾಗಿ ಸರಿಸಲೋ?
ಹೇಗೆ ಬರೆದರೂ ಅಂಕಿ ಕೂಡಿದರೆ ಹದಿನೆಂಟೇ.
ಹೇಗೆ ಬರೆದರೂ ಮೂರಕ್ಕೆ ಸರಿಯಾಗಿ ಹೋಗುತ್ತದೆ,
ಶೇಷವಿಲ್ಲ.
ಮೂರು ಸಹಿಯ ಶಾಯಿ ಮಾತ್ರ
ಮಳೆಗಾಲದ ತೇವಕ್ಕೆ ಇನ್ನೂ ಒಣಗಿರಲಿಲ್ಲ.