ಉಭಯ ಕುಶಲೋಪರಿ

ಇಂದ್ರಾಯಣಿ ಬಿಡಲು ಇನ್ನೂ ಇಪ್ಪತ್ತು ನಿಮಿಷ.
ಪುಣೆ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ
ಮೂವರು ಮುದುಕರು ಜಾಗಕ್ಕೆ ತಳ್ಳಾಡಿದೆವು.
ಫೆಲಿಕ್ಸನ ಮಂಡಿ ಕಟಕ್ಕೆಂದಿತು.
‘ಸಿಗ್ನಲ್ ಬಿತ್ತು, ಹತ್ತು’ ಅಂದ ಐತಪ್ಪ.
ನಕ್ಕು ಹತ್ತಿದೆ. ಕಿಟಕಿಯಾಚೆ ಇಬ್ಬರೂ
ಕೈ ಬೀಸಲು ಮರೆತು ಸುಮ್ಮನೆ ನಿಂತಿದ್ದರು.

ಎರಡು ರಾತ್ರಿ, ಒಂದೂವರೆ ಹಗಲು.
ರಾತ್ರಿಶಾಲೆ ಬಿಟ್ಟು ಮೂವತ್ತೆಂಟು ವರ್ಷದ ಮೇಲೆ
ಕೊಂಢ್ವಾದ ತಾರಸಿಯಲ್ಲಿ ಚಾಪೆ ಹಾಸಿ
ಮಲಗಿದೆವು. ಮಲಗಿದ್ದೆಲ್ಲಿ ಬಂತು,
ಹಾಜರಿ ಕರೆದದ್ದೇ ಆಯಿತು:
ಹಿಟ್ಟು ರುಬ್ಬಿದ ಕೈಯಲ್ಲೇ ಲೆಕ್ಕ ಬಿಡಿಸುತ್ತಿದ್ದ ಕಾಂತಪ್ಪ,
ಕಣ್ಣು ತೆರೆದೇ ನಿದ್ದೆ ಹೋಗುತ್ತಿದ್ದ ಸಂಕಪ್ಪ.
ಇಲ್ಲದವರ ಪರವಾಗಿ ಫೆಲಿಕ್ಸ್
ಒಬ್ಬೊಬ್ಬರ ದನಿಯಲ್ಲಿ ‘ಹಾಜರ್ ಸಾರ್’ ಅಂದ.
ಮೂರನೆಯ ಹೆಸರಿಗೆ ಅವನಿಗೇ ದನಿ ಬರಲಿಲ್ಲ.

ಶಿವಾಜಿನಗರ ದಾಟಿತು. ನೋಟ್‌ಬುಕ್ ತೆಗೆದೆ,
ಎಲ್ಲ ಬರೆದಿಡಬೇಕು ಅಂತ.
ಪೆನ್ನು ಬಂಗುಡೆ ವಾಸನೆ ಹೊಡೆಯಿತು.

ಇವತ್ತು ಬೆಳಿಗ್ಗೆ, ನೀರುದೋಸೆ ಮುಗಿಯುವ ಹೊತ್ತಿಗೆ
ರೇವತಿಯಕ್ಕ ಒಂದು ಬಿಸ್ಕತ್ತಿನ ಡಬ್ಬಿ ತಂದರು.
ಒಳಗೆ ನೀಲಿ ಇನ್‌ಲ್ಯಾಂಡುಗಳು,
ಐತಪ್ಪನ ಹೆಸರಲ್ಲಿ ನಾನು ಬರೆದವು.
ಮಾತು ತುಳು, ಕಾಗದ ಕನ್ನಡ;
ಒಂದು ಕಾಗದಕ್ಕೆ ಅರ್ಧ ಚಹಾ ಮಜೂರಿ.
‘ಓದಿ’ ಅಂದರು. ಓದಿದೆ:
‘ಇತ್ತ ಕ್ಷೇಮ. ಉಭಯ ಕುಶಲೋಪರಿ ಸಾಂಪ್ರತ.
ಇಲ್ಲಿಯೂ ಸಮುದ್ರ ಇದೆ,
ಆದರೆ ಅದರ ಬೆನ್ನು ನಮ್ಮ ಕಡೆ.’

ಮುಂದೆ ಓದಲಾಗಲಿಲ್ಲ.
ನನ್ನ ಏಳು ಪುಸ್ತಕಗಳಲ್ಲಿ
ಇಂಥದೊಂದು ಸಾಲಿಲ್ಲ.

‘ಎರಡನೇ ಕಾಗದಕ್ಕೇ ಗೊತ್ತಾಯ್ತು ಮಾರಾಯ್ರೆ,
ಇವರಿಗೆ ಒತ್ತಕ್ಷರ ಎಲ್ಲಿ ಬರ್ತದೆ?’
ಐತಪ್ಪ ತಟ್ಟೆ ನೋಡುತ್ತ ಕಿವಿವರೆಗೆ ಕೆಂಪಾದ,
ಅರವತ್ತೆರಡರ ಆಸಾಮಿ.

ಕೇಳದೆ ಇರಲಾರದೆ ಕೇಳಿದೆ: ‘ನಿಮ್ಮ ಉತ್ತರಗಳು?’
ಅವನ್ನೂ ನಾನೇ ಓದಿ ಹೇಳುತ್ತಿದ್ದೆ,
ಗಿರಾಕಿ ಇಲ್ಲದ ಮಧ್ಯಾಹ್ನ, ಹೋಟೆಲಿನ ಹಿಂಬದಿ ಕೂತು.
‘ಬೆನ್ನು ಅಲ್ಲಿದ್ದರೆ ಮುಖ ನಮ್ಮ ಕಡೆ ಇರಬೇಕಲ್ಲ,
ಇವತ್ತು ಸಂಜೆ ಹೋಗಿ ನೋಡಿ ಬಂದೆ’
ಅಂತ ಬಂದ ದಿನ ನಾನು
ಐತಪ್ಪನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದುಂಟು.

‘ನನಗೆಲ್ಲಿಯ ಬರವಣಿಗೆ! ನೆರೆಮನೆ ಹುಡುಗಿ,
ಏಳನೇ ಕ್ಲಾಸು. ಕಾಗದಕ್ಕೆ ಎರಡು ಪೇರಳೆ ಹಣ್ಣು.’
ಹೆಸರು?
‘ಹೆಸರು… ಬೇಬಿ ಅಂತಿದ್ದೆವು ಎಲ್ಲರೂ.
ಮದುವೆಯಾಗಿ ಎಲ್ಲಿಗೋ ಹೋದಳು.’
ಫೆಲಿಕ್ಸ್ ದೋಸೆ ಗಂಟಲಲ್ಲಿ ಸಿಕ್ಕಿ ನಕ್ಕ,
ಬೆನ್ನು ತಟ್ಟಬೇಕಾಯಿತು.

ಒಂದು ಕಾಗದ ಕೊಡಿ ಅಂದೆ.
‘ಅದೆಂಥದು, ನನಗೆ ಬಂದದ್ದು’ ಎಂದು
ರೇವತಿಯಕ್ಕ ಡಬ್ಬಿ ಮುಚ್ಚಿದರು.

ಖಂಡಾಲ. ಚಿಕ್ಕಿಯವನು ಬಂದ, ಹೋದ.
ಘಾಟಿಯ ಸುರಂಗದಲ್ಲಿ ಕಿಟಕಿ ಕನ್ನಡಿಯಾಗಿ
ಕನ್ನಡಕದ ಒಬ್ಬ ನನ್ನನ್ನು ನೋಡಿದ.
ಸುರಂಗ ಮುಗಿದರೆ ಕೆಳಗೆಲ್ಲೋ ನಾಲ್ಕು ದೀಪ;
ಮತ್ತೆ ಸುರಂಗ, ಮತ್ತೆ ಅವನೇ.
ಇಷ್ಟು ವರ್ಷ ಯಾರಿಗೆ ಬರೆಯುತ್ತಿದ್ದೀಯ,
ವಿಮರ್ಶಕರಿಗೋ, ಗ್ರಂಥಾಲಯದ ಗೆದ್ದಲಿಗೋ?
ಅವನು ಬಾಯಿ ತೆರೆಯುವಷ್ಟರಲ್ಲಿ
ಕರ್ಜತ್ತಿನ ವಡಾಪಾವ್ ಕೂಗು.
ಅವಳಿಗೀಗ ಐವತ್ತರ ಆಚೆ.
ಮೊಮ್ಮಕ್ಕಳಿರಬಹುದು.
ಬರೆಯುವುದೆಂದರೆ ಕಿರಾಣಿ ಪಟ್ಟಿ ಇರಬಹುದು.

ಕಲ್ಯಾಣದಲ್ಲಿ ಇಳಿದು ನಿಧಾನ ಲೋಕಲ್ ಹಿಡಿದೆ,
ಠಾಕುರ್ಲಿ, ಡೊಂಬಿವಲಿ. ನಿಂತೇ ಬಂದೆ,
ಸೀಟು ಖಾಲಿ ಇದ್ದರೂ.

‘ಹೇಗಾಯ್ತು?’ ಅಂದಳು ವಿಲಾಸಿನಿ.
‘ಚೆನ್ನಾಗಿತ್ತು’ ಅಂದೆ.
ಇನ್ನೇನು ಹೇಳುವುದು, ಶಬ್ದದ ವ್ಯಾಪಾರಿ ನಾನು,
ಇದ್ದದ್ದೊಂದೇ ಶಬ್ದ ಕೊಟ್ಟೆ.

ಅವಳು ಚೀಲ ಬಿಚ್ಚುತ್ತಿದ್ದಾಳೆ.
ನಾನು ಅಡುಗೆಮನೆಯ ಮೇಜಿನಲ್ಲಿ
ಹಾಳೆಯ ಬಲಮೂಲೆಗೆ ತಾರೀಖು ಹಾಕಿ
‘ಇತ್ತ ಕ್ಷೇಮ’ ಎಂದು ಬರೆದೆ.
ವಿಳಾಸದ ಜಾಗ ಖಾಲಿ.
ಒಳಗಿಂದ ಕೇಳುತ್ತಿದ್ದಾಳೆ, ಟವೆಲ್ ಎಲ್ಲಿ ಅಂತ.
ಅಯ್ಯೋ, ಅದು ಪುಣೆಯಲ್ಲೇ,
ಐತಪ್ಪನ ತಾರಸಿಯ ಹಗ್ಗದ ಮೇಲೆ,
ಫೆಲಿಕ್ಸನ ಬನಿಯನ್ನಿನ ಪಕ್ಕ
ಇನ್ನೂ ಒಣಗುತ್ತಿರಬೇಕು.